ಲೋಟದ ಮೇಲೆ ಬೆಳೆದ ಹವಳ

ಜನವರಿ 12

ಪ್ರೀತಿಯ ಗುಬ್ಬಿಗೆ,

ನಾವಿಬ್ಬರೂ ಚೆನ್ನಾಗಿದ್ದೀವಿ. ಬುಗುರಿಗೆ ಹತ್ತು ತುಂಬಿತು, ನನ್ನ ಭುಜಕ್ಕೆ ಬಂದಿದ್ದಾಳೆ. ಹೆಸರಿಗೆ ತಕ್ಕ ಹಾಗೆ ಈಗಲೂ ಕೂತ ಕಡೆ ಕೂರಲ್ಲ. ಐಸ್ ಫ್ಯಾಕ್ಟರಿಯ ಕೆಲಸ ಹಾಗೇ ನಡೀತಿದೆ. ಗಂಬೂಟು ಹಾಕ್ಕೊಂಡು ಕೌಂಟರಿನಲ್ಲಿ ನಿಂತು ದೋಣಿಗಳಿಗೆ ಐಸ್ ತೂಗಿ ಕೊಡೋದು. ಐಸ್ ಪುಡಿ ಮಾಡೋ ಯಂತ್ರದ ಗದ್ದಲ ಕೇಳಿ ಕೇಳಿ ಮನೇಲೂ ಕೂಗಿಯೇ ಮಾತಾಡ್ತೀನಿ ಅಂತ ಮಗಳು ಬೈತಾಳೆ. ಅದಕ್ಕೇ ಫೋನು ಮಾಡದೆ ಬರೀತಿದ್ದೀನಿ. ಇದು ಕೂಗಿ ಹೇಳೋ ವಿಷಯ ಅಲ್ಲ.

ನಾವಿಬ್ಬರೂ ನಿಮ್ಮಣ್ಣನ ಮಾತು ಎತ್ತಿ ಒಂಬತ್ತು ವರ್ಷ ಆಯ್ತು. ಅತ್ತೆ ತೀರಿಕೊಂಡಾಗ ನೀನು ಬಂದು ನಾಲ್ಕು ದಿನ ಇದ್ದೆ, ಆಗಲೂ ಎತ್ತಲಿಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ, ನನ್ನ ಮನಸ್ಸಿನಲ್ಲಿ ಏನಿದೆ ಅಂತ ನೀನೂ ಕೇಳಲಿಲ್ಲ. ಈಗ ಎತ್ತಲೇಬೇಕಾಗಿದೆ.

ಹೋದ ವಾರ ಮುಳುಗುಗಾರ ಕೌಂಟರಿಗೆ ಬಂದ. ಬಂಡೆಗೆ ಸಿಕ್ಕಿಕೊಂಡ ಬಲೆಗಳನ್ನ ನೀರಿಗಿಳಿದು ಬಿಡಿಸಿಕೊಡ್ತಾನಲ್ಲ, ಅವನೇ. ಒದ್ದೆ ಗೋಣಿಯಲ್ಲಿ ಏನೋ ಸುತ್ತಿಕೊಂಡು ಬಂದಿದ್ದ. "ಅಕ್ಕಾ, ಹೊರಗಿನ ಹವಳದ ದಿಬ್ಬದ ಆಚೆ ಸಿಕ್ಕಿತು. ಎಸೆದುಬಿಡ್ತಿದ್ದೆ, ಹಿಡಿ ನೋಡಿ ನಿಂತೆ" ಅಂದ.

ಗೋಣಿ ಬಿಚ್ಚಿದೆ. ಎನಾಮಲ್ ಲೋಟ. ಅರ್ಧಕ್ಕೆ ಮೇಲೆ ಹವಳ ಬೆಳೆದು ಗಡ್ಡೆ ಕಟ್ಟಿದೆ. ಹಿಡಿ ಮಾತ್ರ ಹೊರಗಿದೆ. ಸ್ಟೀಲ್ ಚಮಚ ಬಗ್ಗಿಸಿ ಎರಡು ಬೋಲ್ಟ್ ಹಾಕಿ ಕೂರಿಸಿದ ಹಿಡಿ. ಇಡೀ ಬಂದರಿನಲ್ಲಿ ಅಂಥ ಹಿಡಿ ಇದ್ದ ಲೋಟ ಒಂದೇ, ಅದನ್ನ ಮಾಡಿದ ಮೆಕ್ಯಾನಿಕ್ಕೂ ಒಬ್ಬರೇ, ನಿಮ್ಮಣ್ಣ. ಅವರು ಲಾಂಚು ಹತ್ತಿ ಹೋದ ದಿನ ಬೆಳಿಗ್ಗೆ ನಾನೇ ತೊಳೆದು ಕೈಗೆ ಕೊಟ್ಟಿದ್ದೆ.

ಆ ಲಾಂಚಿನಲ್ಲಿ ಸಿಮೆಂಟು ತುಂಬಿಕೊಂಡು ನಾಲ್ಕು ಜನ ಹೋದರು. ಯಾರೂ ಬರಲಿಲ್ಲ, ಲಾಂಚೂ ಬರಲಿಲ್ಲ. ನಾಲ್ಕು ಜನ ಸೇರಿ ಲಾಂಚು ಮಾರಿಕೊಂಡು ಓಡಿದರು ಅಂತ ಮಾಲೀಕ ಬಂದರಿನ ಕಚೇರಿಯಲ್ಲಿ ಬರೆಸಿದ. ದೂರದ ಬಂದರಿನಲ್ಲಿ ಅದು ಬೇರೆ ಬಣ್ಣ ಹೊಡೆಸಿಕೊಂಡು ನಿಂತಿದ್ದನ್ನ ಯಾರೋ ನೋಡಿದರಂತೆ. ನೋಡಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕೌಂಟರಿನಲ್ಲಿ ತೂಕ ಸ್ವಲ್ಪ ಹೆಚ್ಚುಕಮ್ಮಿ ಆದರೆ ಈಗಲೂ ಒಬ್ಬರಲ್ಲ ಒಬ್ಬರು, "ಆ ಮನೆಯವರಲ್ವಾ" ಅಂತಾರೆ.

ಸ್ಟುಡಿಯೋದವನ ಹತ್ತಿರ ಎರಡು ಫೋಟೊ ತೆಗೆಸಿ ಇದರ ಜೊತೆ ಇಟ್ಟಿದ್ದೀನಿ. ನೀನು ಮ್ಯೂಸಿಯಮ್ಮಿನಲ್ಲಿ ದಿನಾ ಹವಳ ನೋಡಿ ಹೆಸರು ಹೇಳೋಳು. ಇದು ಯಾವ ಜಾತಿದು? ಇಷ್ಟು ಬೆಳೆಯೋಕೆ ಎಷ್ಟು ವರ್ಷ ಬೇಕು? ಅಷ್ಟು ಬರೆದು ತಿಳಿಸು.

ಇಂತಿ,
ಅತ್ತಿಗೆ

ಜನವರಿ 21

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ಓದಿದೆ. ಫೋಟೊಗಳನ್ನು ದೀಪದ ಕೆಳಗೆ ಇಟ್ಟುಕೊಂಡು ಸಂಜೆಯೆಲ್ಲ ನೋಡಿದೆ.

ಇದು ಗಟ್ಟಿ ಹವಳ, ಅದರಲ್ಲಿ ಅನುಮಾನವಿಲ್ಲ. ಮೇಲ್ಭಾಗ ಹೂಕೋಸಿನ ಹಾಗೆ ಉಬ್ಬುಬ್ಬಾಗಿದೆ, ಉಬ್ಬುಗಳ ಮೇಲೆಲ್ಲ ನರಹುಲಿಯಂಥ ಸಣ್ಣ ಗಂಟುಗಳಿವೆ. ಈ ಗುರುತಿನ ಹವಳವನ್ನು ನಾವು ಹೂಕೋಸು ಹವಳ ಅಂತಲೇ ಕರೆಯುತ್ತೇವೆ. ಬಿಸಿನೀರಿನ ತೀರಗಳಲ್ಲೆಲ್ಲ ಸಿಗುತ್ತದೆ. ಹವಳಗಳಲ್ಲಿ ಅವಸರದ್ದು ಇದು, ಬೇಗ ಬೇಗ ಬೆಳೆಯುತ್ತದೆ. ಫೋಟೊದಲ್ಲಿ ಅಳತೆಗೋಲು ಇಲ್ಲ, ಆದರೆ ಲೋಟವೇ ಇದೆಯಲ್ಲ, ಅದಕ್ಕೆ ಹೋಲಿಸಿ ಲೆಕ್ಕ ಹಾಕಿದೆ. ಇಷ್ಟು ಗಡ್ಡೆಗೆ ಮೂರು ವರ್ಷ ಸಾಕು. ಹೆಚ್ಚೆಂದರೆ ನಾಲ್ಕು.

ಅತ್ತಿಗೆ, ಇದರ ಅರ್ಥ ನಿಮಗೆ ತಿಳಿಯಿತೇ? ಲೋಟ ನೀರಿಗೆ ಬಿದ್ದು ಮೂರೇ ವರ್ಷ. ಅಲ್ಲಿಯ ತನಕ ಅದು ಅಣ್ಣನ ಕೈಯಲ್ಲಿತ್ತು. ನಾವು ಇಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾಗ ಅವನು ಎಲ್ಲೋ ಒಂದು ಕಡೆ ಅದರಲ್ಲಿ ಟೀ ಕುಡಿಯುತ್ತಿದ್ದ. ನಮ್ಮ ದಿಬ್ಬದ ತನಕ ಬಂದೂ ಇದ್ದ! ಯಾಕೆ ಒಳಗೆ ಬರಲಿಲ್ಲವೋ ಗೊತ್ತಿಲ್ಲ. ಹಿಡಿದು ಒಳಗೆ ಹಾಕುತ್ತಾರೆ ಅಂತ ಹೆದರಿರಬಹುದು. ಆದರೆ ಇದ್ದ. ಈಗಲೂ ಇರಬಹುದು.

ಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ, ಆಮೇಲೆ ಅತ್ತುಬಿಟ್ಟೆ. ಅಮ್ಮ ಇರಬೇಕಿತ್ತು. ಇಷ್ಟು ವರ್ಷ ಅವನ ದಾರಿ ನೋಡಿದ ನಿಮಗೆ ಇದಕ್ಕಿಂತ ಸಿಹಿ ಸುದ್ದಿ ನಾನು ಇನ್ನೇನು ಕೊಡಲಿ?

ಬುಗುರಿಗೆ ಮುತ್ತು.

ನಿಮ್ಮ,
ಗುಬ್ಬಿ

ಫೆಬ್ರವರಿ 2

ಗುಬ್ಬಿ,

ಪತ್ರ ತಲುಪಿತು.

ಸಿಹಿ ಸುದ್ದಿ ಅಂತ ಬರೆದಿದ್ದೀಯ. ನಾನು ದಾರಿ ನೋಡ್ತಿದ್ದೆ ಅಂತ ನಿನಗೆ ಯಾರು ಹೇಳಿದರು? ಅತ್ತೆ ನೋಡ್ತಿದ್ದರು. ನಾನು ಅವರ ಜೊತೆ ಬಾಗಿಲಲ್ಲಿ ನಿಲ್ತಿದ್ದೆ, ಅಷ್ಟೇ. ಮೊದಲನೇ ತಿಂಗಳಲ್ಲೇ ನನಗೆ ಗೊತ್ತಾಗಿತ್ತು ಅವರು ಇಲ್ಲ ಅಂತ. ಇದ್ದಿದ್ದರೆ ತೆವಳಿಕೊಂಡಾದರೂ ಬರ್ತಿದ್ದರು ಅಂತ ಇದ್ದೆ. ಕಳ್ಳ ಅಂದವರ ಮುಂದೆ ತಲೆ ಎತ್ತಿಕೊಂಡು ಐಸ್ ತೂಗಿದ್ದು ಆ ಒಂದು ನಂಬಿಕೆ ಮೇಲೆ.

ಲೋಟವನ್ನ ಪಾರ್ಸೆಲ್ ಮಾಡಿ ಕಳಿಸಿದ್ದೀನಿ. ನಿಮ್ಮ ಮ್ಯೂಸಿಯಮ್ಮಿಗೆ ಬೇಕಾದರೆ ಇಟ್ಟುಕೊಳ್ಳಲಿ. ಈ ಮನೇಲಿ ಬೇಡ.

ಅತ್ತಿಗೆ

ಫೆಬ್ರವರಿ 19

ಪ್ರೀತಿಯ ಅತ್ತಿಗೆ,

ಪಾರ್ಸೆಲ್ ಬಂತು. ಹುಲ್ಲು ತುಂಬಿ, ಬಟ್ಟೆ ಸುತ್ತಿ ಎಷ್ಟು ಜೋಪಾನವಾಗಿ ಕಳಿಸಿದ್ದೀರಿ. ಒಂದು ಚೂರೂ ಮುರಿದಿಲ್ಲ.

ಇಲ್ಲಿ ಕೆಲಸ ಬಹಳ. ಉಗ್ರಾಣದ ಛಾವಣಿ ಸೋರಿ ಮೂರು ಕಪಾಟು ನೆನೆದವು. ಒಳಗಿದ್ದ ಹವಳಗಳನ್ನೆಲ್ಲ ಹೊರಗೆ ತೆಗೆದು ಕಾರಿಡಾರಿನಲ್ಲಿ ಪೇಪರ್ ಹಾಸಿ ಒಣಗಿಸುತ್ತಿದ್ದೇವೆ. ಓಡಾಡೋಕೆ ಜಾಗವಿಲ್ಲ, ನಮ್ಮ ಮುಖ್ಯಸ್ಥೆ ಈ ವಯಸ್ಸಿನಲ್ಲಿ ಸೀರೆ ಎತ್ತಿಕೊಂಡು ಅವುಗಳ ನಡುವೆ ಕುಂಟೋಬಿಲ್ಲೆ ಆಡಿದ ಹಾಗೆ ದಾಟುತ್ತಾರೆ. ನನ್ನ ರೂಮಿನ ಸ್ಟವ್ ಕೆಟ್ಟಿದೆ. ಇನ್ನೂ ರಿಪೇರಿ ಮಾಡಿಸಿಲ್ಲ.

ಲೋಟದ ಹವಳವನ್ನು ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಬೇಕು. ತೆಳ್ಳಗೆ ಬಿಲ್ಲೆ ಕೊಯ್ಯುವ ಯಂತ್ರದ ಬ್ಲೇಡು ಹೋಗಿದೆ, ಹೊಸದು ಬರಬೇಕು. ಅದಾದ ಮೇಲೆ ಎಕ್ಸ್‌ರೇ. ಸ್ವಲ್ಪ ಸಮಯ ಹಿಡಿಯುತ್ತದೆ.

ನಾನು ಹಿಂದಿನ ಪತ್ರದಲ್ಲಿ ಬರೆದದ್ದನ್ನು ನೀವು ಯಾರಿಗೂ ಹೇಳಿಲ್ಲ ತಾನೆ? ಹೇಳಬೇಡಿ. ಬುಗುರಿಗಂತೂ ಸದ್ಯಕ್ಕೆ ಬೇಡ.

ನಿಮ್ಮ ಕೈ ಹೇಗಿದೆ? ಐಸ್ ಹಿಡಿದು ಬಿರುಕು ಬಿಡುತ್ತಿತ್ತಲ್ಲ. ಮುಲಾಮು ಕಳಿಸಲೇ?

ನಿಮ್ಮ,
ಗುಬ್ಬಿ

ಮಾರ್ಚ್ 4

ಗುಬ್ಬಿ,

ಹೇಳಬೇಡಿ ಅಂತ ಈಗ ಬರೀತೀಯ. ಹೇಳಿ ಆಗಿದೆ.

ಬುಗುರಿ ಕೇಳಿದಳು, "ಗೋಡೆ ಮೇಲಿದ್ದ ಅಪ್ಪನ ಫೋಟೊ ಎಲ್ಲಿ?" ಅಂತ. ಟ್ರಂಕಿನಲ್ಲಿ ಹಾಕಿದೆ ಅಂದೆ. ಯಾಕೆ ಅಂದಳು. ಎಷ್ಟು ಅಂತ ತಡೆದುಕೊಳ್ಳಲಿ, ಹೇಳಿಬಿಟ್ಟೆ. ಅವಳಿಗೆ ಬುದ್ಧಿ ಬಂದಾಗಿನಿಂದ ಒಂದೇ ಕಥೆ ಹೇಳಿಕೊಂಡು ಬಂದಿದ್ದೆ: ಗಾಳಿ ಎದ್ದಿತ್ತು, ಇಂಜಿನ್ ನಿಂತುಹೋಯ್ತು, ನಿಮ್ಮಪ್ಪ ಕೊನೇ ತನಕ ಅದನ್ನ ಸರಿ ಮಾಡ್ತಿದ್ದರು ಅಂತ. ಅಲ್ಲಿ ನಾನೇನು ಇದ್ದೆನಾ? ಆದರೂ ಕಣ್ಣಿಗೆ ಕಟ್ಟಿದ ಹಾಗೆ ಹೇಳ್ತಿದ್ದೆ, ಅವಳು ಸ್ಕೂಲಿನಲ್ಲಿ ಎಲ್ಲರಿಗೂ ಹಾಗೇ ಹೇಳ್ತಿದ್ದಳು.

"ಅಪ್ಪ ಸಮುದ್ರದಲ್ಲಿ ಹೋದ್ರು ಅಂದಿದ್ದೆಯಲ್ಲ?"

"ನಾನು ತಪ್ಪು ತಿಳ್ಕೊಂಡಿದ್ದೆ. ಮೂರು ವರ್ಷದ ಹಿಂದಿನ ತನಕ ಇದ್ದರಂತೆ. ನಿನ್ನ ಸೋದರತ್ತೆ ಕಂಡುಹಿಡಿದಿದ್ದಾಳೆ."

"ಮತ್ತೆ ಯಾಕೆ ಬರಲಿಲ್ಲ?"

"ಬರೋಕೆ ಮನಸ್ಸಿರಲಿಲ್ಲ."

ಗೋಡೆಯ ಖಾಲಿ ಮೊಳೆ ಕಡೆ ನೋಡಿದಳು. ಆಮೇಲೆ, "ನಾನು ಇದ್ದೀನಿ ಅಂತ ಗೊತ್ತಿತ್ತಾ?" ಅಂದಳು.

"ವರ್ಷದ ಮಗೂನ ಎತ್ತಿ ಆಡಿಸಿ ಹೋದೋರು. ಗೊತ್ತಿರದೆ ಏನು?"

ಹೋಗಿ ಮಲಗಿಬಿಟ್ಟಳು. ಮಾರನೇ ದಿನ ಸ್ಕೂಲಿಗೆ ಹೋಗಲ್ಲ ಅಂದಳು. ಬೈದು ಕಳಿಸಿದೆ. ಈಗ ಹೋಗ್ತಾಳೆ, ಬರ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ. ಬುಗುರಿ ಅಂತ ಕರೆದರೆ ತಿರುಗಿ ನೋಡಲ್ಲ.

ಅಡುಗೆಯವನ ತಾಯಿಗೂ ಹೇಳಿದೆ. ಲಾಂಚಿನಲ್ಲಿ ಅಡುಗೆಗೆ ಇದ್ದ ಆ ತೆಳ್ಳಗಿನ ಹುಡುಗ ನಿನಗೆ ನೆನಪಿರಬೇಕು. ಆ ಮುದುಕಿ ದಿನಾ ಫ್ಯಾಕ್ಟರಿಗೆ ಬಂದು ನನ್ನ ಹತ್ತಿರ ಒಂದು ಮಾತಾಡಿ ಹೋಗೋದು ರೂಢಿ. ಅವಳ ಮಗನೂ ಜೊತೆಗೇ ಇದ್ದ ತಾನೆ? ಹೇಳದೆ ಇರೋಕೆ ಆಗಲಿಲ್ಲ. ನಾನು ಬೈತಾ ಹೇಳಿದೆ, ಅವಳು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು. "ಇದ್ದಾನಾ? ನನ್ನ ಮಗ ಇದ್ದಾನಾ ಅಮ್ಮಾ? ಕದ್ದರೆ ಕದೀಲಿ ಬಿಡು!" ಅಂತ ಫ್ಯಾಕ್ಟರಿಯವರೆಲ್ಲ ತಿರುಗಿ ನೋಡೋ ಹಾಗೆ ಕೂಗಿದಳು. ನನಗೆ ಹೊಟ್ಟೆಕಿಚ್ಚಾಯ್ತು ಕಣೇ. ಅದೇ ಸುದ್ದಿ ಅವಳಿಗೆ ಅಷ್ಟು ಸಂತೋಷ, ನನಗೆ ಹೀಗೆ.

ಒಂದು ವಿಷಯ ಕೇಳ್ತೀನಿ, ನಿಜ ಹೇಳು. ಅವರು ನಿನಗೆ ಯಾವಾಗಲಾದರೂ ಪತ್ರ ಬರೆದಿದ್ದರಾ? ನನ್ನಿಂದ ಮುಚ್ಚಿಟ್ಟಿದ್ದೀಯಾ? ಅದಕ್ಕೇ ಅಷ್ಟು ಬೇಗ ನಂಬಿದೆಯಾ?

ಮುಲಾಮು ಬೇಡ.

ಅತ್ತಿಗೆ

ಮಾರ್ಚ್ 23

ಗುಬ್ಬಿ,

ನಿನ್ನಿಂದ ಉತ್ತರ ಇಲ್ಲ. ಹಾಗಾದರೆ ನಾನು ಕೇಳಿದ್ದು ನಿಜ ಅಂತ ಇಟ್ಟುಕೊಳ್ತೀನಿ. ಅಣ್ಣ ತಂಗಿ ಸೇರಿ ನನ್ನನ್ನ ಚೆನ್ನಾಗಿ ಆಟ ಆಡಿಸಿದ್ದೀರಿ.

ಅಡುಗೆಯವನ ತಾಯಿ ಮಗ ಬಂದರೆ ಮಲಗೋಕೆ ಅಂತ ಹೊಸ ಹಾಸಿಗೆ ಹೊಲಿಸಿದ್ದಾಳೆ. ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಲಾಂಚು ಕಂಡಿತ್ತು ಅಂದ ಆ ದೂರದ ಬಂದರಿಗೆ ಹೋಗ್ತಾಳಂತೆ, ಒಬ್ಬಳೇ. ಬಸ್ಸು ಎಲ್ಲಿ ಬದಲಾಯಿಸಬೇಕು ಅಂತ ಕಂಡಕಂಡವರನ್ನ ಕೇಳ್ತಿದ್ದಾಳೆ. ಈ ವಯಸ್ಸಿನಲ್ಲಿ ರಸ್ತೆ ದಾಟೋಕೆ ಅವಳಿಗೆ ನನ್ನ ಕೈ ಬೇಕು. ನಾನು ಬೇಡ ಅಂದರೆ, "ನಿನಗೆ ಗಂಡನ ಮೇಲೆ ಕೋಪ. ನನಗೆ ಮಗನ ಮೇಲೆ ಇಲ್ಲ" ಅಂತಾಳೆ.

ಅವಳು ಬಸ್ಸು ಹತ್ತೋ ಮೊದಲು ನಿನ್ನ ಯಂತ್ರದ ಬ್ಲೇಡು ಬಂದರೆ ಉಪಕಾರ ಆಗ್ತಿತ್ತು.

ಅತ್ತಿಗೆ

ಮಾರ್ಚ್ 30

ಅತ್ತಿಗೆ,

ಆ ಅಜ್ಜಿಯನ್ನು ತಡೆಯಿರಿ. ಮೊದಲು ಅದು. ಈ ಪತ್ರ ಪೂರ್ತಿ ಓದುವ ಮೊದಲೇ ಎದ್ದು ಹೋಗಿ ತಡೆಯಿರಿ.

ಅಣ್ಣ ನನಗೆ ಒಂದು ಸಾಲೂ ಬರೆದಿಲ್ಲ. ಬರೆಯಲು ಅವನಿರಲಿಲ್ಲ.

ಬ್ಲೇಡು ಹೋಗಿತ್ತು ಅನ್ನುವುದು ಸುಳ್ಳು. ಪಾರ್ಸೆಲ್ ಬಿಚ್ಚಿದ ದಿನವೇ ನನಗೆ ಗೊತ್ತಾಯಿತು. ನೀರಿನಲ್ಲಿ ನೆನೆಸಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿದೆ. ಫೋಟೊದಲ್ಲಿ ನಾನು ಗಂಟುಗಳು ಅಂದುಕೊಂಡಿದ್ದು ಹವಳದ ಗಂಟುಗಳೇ ಅಲ್ಲ. ಸತ್ತ ಸಣ್ಣ ಚಿಪ್ಪುಗಳು, ಮರಳು, ಸುಣ್ಣ. ಒಂದೊಂದಾಗಿ ಉದುರಿ ನೀರಿನ ತಳಕ್ಕೆ ಕೂತವು. ಅಡಿಯಲ್ಲಿ ಹವಳದ ಮೈ ನುಣುಪಾಗಿತ್ತು. ಲೆನ್ಸ್ ಇಟ್ಟು ನೋಡಿದರೆ ಮೈತುಂಬ ಸೂಜಿ ಚುಚ್ಚಿದಂಥ ತೂತುಗಳು, ಒತ್ತೊತ್ತಾಗಿ, ನಡುವೆ ಜಾಗವೇ ಇಲ್ಲದ ಹಾಗೆ. ಒಂದೊಂದು ತೂತೂ ಒಂದೊಂದು ಹವಳದ ಹುಳುವಿನ ಮನೆ. ಹೂಕೋಸು ಹವಳ ಹೀಗಿರುವುದಿಲ್ಲ. ಇದು ಪೋರೈಟಿಸ್. ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಹವಳ. ಇದು ಉಬ್ಬುಬ್ಬಾಗಿಯೂ ಬೆಳೆಯುತ್ತದೆ ಅನ್ನುವುದು ಹೊಸಬರಿಗೂ ಗೊತ್ತು.

ಇದಕ್ಕೆ ಅವಸರವೇ ಇಲ್ಲ ಅತ್ತಿಗೆ. ವರ್ಷಕ್ಕೆ ಅರ್ಧ ಬೆರಳಿನಗಲ ಏರಿದರೆ ಹೆಚ್ಚು. ಬಿಲ್ಲೆ ಕೊಯ್ದು ಎಕ್ಸ್‌ರೇ ತೆಗೆಸಿದೆ. ಮರದ ಕಾಂಡದಲ್ಲಿ ಇರುವ ಹಾಗೆ ಇದರಲ್ಲೂ ವರ್ಷಕ್ಕೊಂದು ಗೆರೆ ಇರುತ್ತದೆ. ಎಂಟು ಗೆರೆಗಳು ಪೂರ್ತಿ ಇವೆ, ಲೋಟಕ್ಕೆ ಅಂಟಿದ ಕಡೆ ಇನ್ನೊಂದು ಅರ್ಧ. ಅಂದರೆ ಲೋಟ ಎಂಟೂವರೆ ವರ್ಷದ ಮೊದಲೇ ನೀರಿನ ತಳದಲ್ಲಿತ್ತು. ಹವಳದ ಮರಿ ಬಂದು ಕೂರಲು ಕೆಲವು ತಿಂಗಳು ಬೇಕು. ಅದಕ್ಕಿಂತ ಹಿಂದೆ ಬಿದ್ದಿರಬಹುದು, ಈಚೆಗೆ ಸಾಧ್ಯವೇ ಇಲ್ಲ. ಅಣ್ಣ ಹೋದ ಕಾಲಕ್ಕೆ ಸರಿಯಾಗಿ ಕೂಡುತ್ತದೆ. ಲಾಂಚಿಗೆ ಏನಾಯಿತು ಅಂತ ನಾನು ಹೇಳಲಾರೆ. ಲೋಟದ ಬಗ್ಗೆ ಮಾತ್ರ ಹೇಳಬಲ್ಲೆ.

ಮುಖ್ಯಸ್ಥೆಗೆ ತೋರಿಸಿದೆ. ಒಂದು ನಿಮಿಷವೂ ನೋಡಲಿಲ್ಲ, ಪೋರೈಟಿಸ್ ಅಂದರು. ನಾನು ಫೋಟೊ ಕೊಟ್ಟು, ಮೊದಲು ಹೀಗೆ ಅಂದುಕೊಂಡಿದ್ದೆ ಅಂದೆ. "ಫೋಟೊ ನೋಡಿ ಜಾತಿ ಹೇಳಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೀನಿ? ಯಾರದ್ದು ಇದು?" ಅಂತ ಕೇಳಿದರು. ನಮ್ಮಣ್ಣನದ್ದು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಇನ್ನೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಇದೆ. ಅದು ಇದಕ್ಕಿಂತ ಕೆಟ್ಟದ್ದು. ಅದು ಹೂಕೋಸು ಹವಳವೇ ಆಗಿದ್ದರೂ, ಮೂರು ವರ್ಷದ್ದೇ ಆಗಿದ್ದರೂ, ಲೋಟ ಮೂರು ವರ್ಷದ ಹಿಂದೆ ಬಿದ್ದಿದ್ದು ಅಂತ ಹೇಳಲು ಬರುತ್ತಿರಲಿಲ್ಲ. ಖಾಲಿ ಲೋಟ ಆರು ವರ್ಷ ತಳದಲ್ಲಿ ಬಿದ್ದಿದ್ದು ಆಮೇಲೆ ಹವಳ ಹತ್ತಬಹುದು. ಇದು ನನಗೆ ಗೊತ್ತಿತ್ತು. ಆ ಪತ್ರ ಬರೆಯುವಾಗಲೂ ಗೊತ್ತಿತ್ತು. ಆ ಮಾತು ಪೆನ್ನಿನ ತುದಿಗೆ ಬಂತು, ಬರೆಯಲಿಲ್ಲ.

ಯಾಕೆಂದರೆ ನನಗೆ ಅವನು ಬದುಕಿರಬೇಕಿತ್ತು. ನೀವು ಅವನು ಕಳ್ಳನಲ್ಲ ಅಂತ ನಂಬಿದಿರಿ. ನಾನು ಒಂಬತ್ತು ವರ್ಷ ಅವನು ಕಳ್ಳನಾಗಿರಲಿ ಅಂತ ಬೇಡಿಕೊಂಡೆ. ಲಾಂಚು ಕದ್ದಿರಲಿ, ನಮ್ಮನ್ನೆಲ್ಲ ಮರೆತಿರಲಿ, ಎಲ್ಲೋ ಇನ್ನೊಂದು ಸಂಸಾರ ಮಾಡಿಕೊಂಡಿರಲಿ, ಬೈಯೋಕಾದರೂ ಒಬ್ಬ ಅಣ್ಣ ಇರಲಿ ಅಂತ. ನೀವೂ ಹಾಗೇ ಅಂದುಕೊಂಡಿದ್ದೀರಿ ಅಂತ ತಿಳಿದೆ. ಫೆಬ್ರವರಿಯ ನಿಮ್ಮ ಪತ್ರ ಓದಿದಾಗ ನಾನು ಏನು ಮಾಡಿದೆ ಅಂತ ಅರ್ಥವಾಯಿತು. ಆಮೇಲೂ ಬರೆಯಲು ಕೈ ಬರಲಿಲ್ಲ. ಬರೆದರೆ ಅವನು ಸತ್ತ ಹಾಗೆ. ಬರೆಯುವ ತನಕ ಇನ್ನೂ ಸ್ವಲ್ಪ ಇದ್ದ.

ಅಷ್ಟರಲ್ಲಿ ನೀವು ಬುಗುರಿಗೆ ಹೇಳಿಬಿಟ್ಟಿದ್ದಿರಿ.

ಅಣ್ಣ ಎಲ್ಲಿಗೂ ಓಡಿಹೋಗಲಿಲ್ಲ ಅತ್ತಿಗೆ. ನೀವು ಅಂದುಕೊಂಡಿದ್ದೇ ಸರಿ.

ಗುಬ್ಬಿ

ಏಪ್ರಿಲ್ 20

ಅತ್ತಿಗೆ,

ನನ್ನ ಪತ್ರ ತಲುಪಿತೇ? ಅಜ್ಜಿ ಎಲ್ಲಿದ್ದಾರೆ? ಫ್ಯಾಕ್ಟರಿಗೆ ಫೋನು ಮಾಡಿದೆ. ಯಾರೋ ಎತ್ತಿದರು, ಯಂತ್ರದ ಸದ್ದಿನಲ್ಲಿ ಏನೂ ಕೇಳಲಿಲ್ಲ. ನಿಮ್ಮ ಹೆಸರು ಕೂಗಿ ಕೂಗಿ ಸಾಕಾಗಿ ಇಟ್ಟೆ.

ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳುವುದಿಲ್ಲ. ಬುಗುರಿ ಹೇಗಿದ್ದಾಳೆ ಅಂತ ಒಂದು ಕಾರ್ಡು ಹಾಕಿ.

ಗುಬ್ಬಿ

ಮೇ 11

ಗುಬ್ಬಿಗೆ,

ಎರಡೂ ಪತ್ರ ಬಂದವು. ಬರೆಯೋಕೆ ಆಗಲಿಲ್ಲ.

ನಿನ್ನ ದೊಡ್ಡ ಪತ್ರವನ್ನ ಫ್ಯಾಕ್ಟರಿಯಲ್ಲೇ ಓದಿದೆ. ಮೊದಲ ಸಾಲು ಓದಿ ಗಂಬೂಟಿನಲ್ಲೇ ಓಡಿದೆ. ಮುದುಕಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ಪೂರ್ತಿ ಓದಿದೆ, ಮನಸ್ಸಿನಲ್ಲೇ. ಅವಳು ನನ್ನ ಮುಖ ನೋಡ್ತಿದ್ದಳು. ಬಸ್ಸು ಬಂತು, ಹೋಯ್ತು. ಅವಳು ಏಳಲಿಲ್ಲ.

"ಆ ಹವಳದ ಹುಡುಗಿ ಬರೆದಿದ್ದಾಳಾ?" ಅಂದಳು.

ಹೂಂ ಅಂದೆ.

"ತಪ್ಪಾಯ್ತು ಅಂದಿದ್ದಾಳಾ?"

ಹೂಂ ಅಂದೆ.

"ಜೋರಾಗಿ ಹೇಳು. ನೀನು ಯಾವಾಗಲೂ ಕೂಗ್ತೀಯ, ಇವತ್ತೇನು ಪಿಸುಗುಟ್ಟೋದು?"

ನಾನು ಪತ್ರದಲ್ಲಿ ಮುಖ ಮುಚ್ಚಿಕೊಂಡೆ. ಅವಳೇ ನನ್ನ ಬೆನ್ನು ಸವರಿದಳು, ಗುಬ್ಬಿ. ಮಗ ಹೋಗಿದ್ದು ಅವಳಿಗೆ. ಮನೆಗೆ ಕರೆದುಕೊಂಡು ಹೋದೆ. ಸುಣ್ಣ ಹೊಡೆಸಿದ ಕೋಣೆಯ ಬಾಗಿಲಲ್ಲಿ ನಿಂತು ಆ ಹೊಸ ಹಾಸಿಗೆ ನೋಡಿ, "ಇದರ ಮೇಲೆ ಯಾರನ್ನ ಮಲಗಿಸಲಿ?" ಅಂದಳು. ಆವತ್ತು ನಾನೇ ಅದರ ಮೇಲೆ ಮಲಗಿದೆ, ಅವಳು ಕೆಳಗೆ. ಈಗ ಅವಳು ಫ್ಯಾಕ್ಟರಿ ಕಡೆ ಬರೋದು ಬಿಟ್ಟಿದ್ದಾಳೆ. ಕೆಲಸ ಮುಗಿಸಿ ನಾನೇ ಹೋಗಿ ನೋಡಿಕೊಂಡು ಬರ್ತೀನಿ. ಬಾಗಿಲು ತೆಗೀತಾಳೆ, ಕೂರು ಅಂತಾಳೆ.

ಲಾಂಚಿನ ಬಗ್ಗೆ ಹೇಳಲಾರೆ ಅಂತ ನೀನು ಬರೆದಿದ್ದೆ. ನಾನು ಮುಳುಗುಗಾರನ ಹತ್ತಿರ ಹೋಗಿ, ಲೋಟ ಸಿಕ್ಕಿದ ಜಾಗಕ್ಕೆ ಇನ್ನೊಂದು ಸಲ ಇಳೀತೀಯಾ ಅಂತ ಕೇಳಿದೆ. ಸಮುದ್ರ ಸರಿಯಾಗೋ ತನಕ ಕಾದ. ಇಳಿದು ಬಂದ. ದೋಣಿಯಲ್ಲಿ ನಾನೂ ಇದ್ದೆ. "ಅಕ್ಕಾ, ಕೆಳಗೆ ದಿಂಬು ಪೇರಿಸಿದ ಹಾಗೆ ಕಲ್ಲುಗಳಿವೆ. ಸಾಲಾಗಿ. ಮೈ ಮೇಲೆ ಗೋಣಿ ನೇಯ್ಗೆ ಗುರುತು ಹಾಗೇ ಇದೆ" ಅಂದ. ಸಿಮೆಂಟು ಮೂಟೆಗಳು. ನೀರು ಕುಡಿದು ಮೂಟೆ ಆಕಾರದಲ್ಲೇ ಕಲ್ಲಾಗಿವೆ. ಮರ ಎಲ್ಲ ಹೋಗಿದೆ. ಇಂಜಿನ್ ಇದೆ, ಅದರ ಮೇಲೂ ಹವಳ ಬೆಳೆದಿದೆಯಂತೆ. ದಿಬ್ಬದಿಂದ ನೋಡಿದರೆ ನಮ್ಮ ಫ್ಯಾಕ್ಟರಿಯ ಚಿಮಣಿ ಕಾಣುತ್ತೆ ಗುಬ್ಬಿ. ಹೊರಟ ದಿನವೇ ಹೋಗಿದ್ದಾರೆ. ಅಷ್ಟು ಹತ್ತಿರದಲ್ಲಿ.

ಬಂದರಿನ ಕಚೇರಿಯವರು ಬಂದು ನೋಡಿ ಬರೆದುಕೊಂಡರು. ಓಡಿಹೋದರು ಅಂತ ಇದ್ದಿದ್ದನ್ನ ಹೊಡೆದುಹಾಕಿ ಮುಳುಗಿತು ಅಂತ ತಿದ್ದಿದ್ದಾರೆ. ಕೌಂಟರಿಗೆ ಬರೋರು ಈಗ ನನ್ನ ಜೊತೆ ಮೆತ್ತಗೆ ಮಾತಾಡ್ತಾರೆ. ಅದೂ ಸಹಿಸೋಕೆ ಆಗಲ್ಲ.

ನಿನ್ನ ಮೇಲೆ ಕೋಪ ಇತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ. ನೀನು ಆ ಪತ್ರ ಬರೆದ ಮೇಲೆ ಎರಡು ತಿಂಗಳು ನಾನು ಅವರನ್ನ ಬಾಯಿಗೆ ಬಂದ ಹಾಗೆ ಬೈದೆ. ಪಾತ್ರೆ ತೊಳೀತಾ ಬೈದೆ, ಐಸ್ ತೂಗ್ತಾ ಬೈದೆ. ಊರೆಲ್ಲ ಕಳ್ಳ ಅಂದಾಗ ಅವರ ಕಡೆ ಇದ್ದಿದ್ದು ನಾನೊಬ್ಬಳೇ. ಆ ಎರಡು ತಿಂಗಳು ನಾನೂ ಇರಲಿಲ್ಲ. ಅವರ ಕಡೆ ಯಾರೂ ಇರಲಿಲ್ಲ. ಇದನ್ನ ನಾನು ಯಾರ ಹತ್ತಿರ ಹೋಗಿ ಹೇಳಲಿ? ನಿನ್ನ ಹತ್ತಿರ ಹೇಳ್ತಿದ್ದೀನಿ. ಬೇರೆ ಯಾರಿಗೆ ಅರ್ಥ ಆಗುತ್ತೆ?

ಬುಗುರಿಗೆ ಹೇಳಿದೆ. ಎದುರಿಗೆ ಕೂರಿಸಿಕೊಂಡು, ಅಪ್ಪ ಎಲ್ಲೂ ಹೋಗಿರಲಿಲ್ಲ, ಮೊದಲು ಹೇಳಿದ್ದೇ ನಿಜ ಅಂದೆ. ಪೂರ್ತಿ ಕೇಳಿದಳು. "ಆಮೇಲೆ ಇನ್ನೊಂದು ಹೇಳ್ತೀಯ" ಅಂದಳು. ಅಷ್ಟೇ. ಎದ್ದು ಹೋದಳು. ಫೋಟೊ ಮತ್ತೆ ಗೋಡೆಗೆ ಹಾಕಿದೆ. ಅದರ ಕೆಳಗೇ ಕೂತು ಓದ್ತಾಳೆ, ಕತ್ತೆತ್ತಿ ನೋಡಲ್ಲ. ನಿನ್ನ ಎಕ್ಸ್‌ರೇ, ಗೆರೆ ಅಂತೆಲ್ಲ ಹೇಳಿ ನೋಡಿದೆ. ಸೋದರತ್ತೆಯೂ ತಪ್ಪು ಹೇಳ್ತಾಳೆ, ಅಮ್ಮನೂ ತಪ್ಪು ಹೇಳ್ತಾಳೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿದೆ. ಯಾವುದನ್ನ ನಂಬಬೇಕು ಆ ಮಗು?

ನಿನ್ನೆ ಸ್ಕೂಲಿಗೆ ಹೊರಡೋ ಹೊತ್ತು ಜಡೆ ಹಾಕ್ತಿದ್ದೆ. ನನಗೆ ಬೆನ್ನು ಕೊಟ್ಟು ಕೂತಿದ್ದಳು. ಸುಮ್ಮನೆ ಕೇಳಿದಳು:

"ಅಪ್ಪನಿಗೆ ಈಜು ಬರ್ತಿತ್ತಾ?"

ಕೈ ನಿಂತಿತು. "ಬರ್ತಿತ್ತು, ಚೆನ್ನಾಗೇ" ಅಂದೆ.

ಯಾವಾಗಲೂ ಜಡೆ ಮುಗಿಯೋ ಮೊದಲೇ ಎದ್ದು ಓಡೋಳು, ರಿಬ್ಬನ್ ಕಟ್ಟಿ ಆದ ಮೇಲೂ ಅಲ್ಲೇ ಕೂತಿದ್ದಳು. ಅಪ್ಪ ಮುಳುಗಿದ್ದನ್ನ ಅವಳು ನಂಬಿದಳು ಅಂತ ಆಗ ನನಗೆ ಗೊತ್ತಾಯ್ತು. ನಂಬದೇ ಇದ್ದಿದ್ದರೇ ಚೆನ್ನಾಗಿತ್ತೇನೋ ಅನ್ನಿಸಿತು.

ನಿನ್ನ ಕೆಲಸಕ್ಕೆ ರಜೆ ಹಾಕಿ ಬಾ. ಏನೂ ತರಬೇಡ, ಗೆರೆಗಳನ್ನ ತೋರಿಸೋದೂ ಬೇಡ. ಅವಳು ಇನ್ನು ಅವರ ಬಗ್ಗೆ ಕೇಳ್ತಾಳೆ. ಚಿಕ್ಕವರಿದ್ದಾಗ ಹೇಗಿದ್ದರು, ಯಾತಕ್ಕೆ ನಗ್ತಿದ್ದರು, ಯಾರು ಬೈದರೆ ಅಳ್ತಿದ್ದರು ಅಂತ. ನನಗೆ ಅವರು ಸಿಕ್ಕಿದ್ದು ಮೂರೇ ವರ್ಷ ಗುಬ್ಬಿ. ಹೇಳೋದೆಲ್ಲ ಹೇಳಿ ಆಗಿದೆ. ನಿನ್ನ ಹತ್ತಿರ ಇಪ್ಪತ್ತು ವರ್ಷ ಇವೆ.

ಅತ್ತಿಗೆ